ಬ್ಲ್ಯಾಕ್ ಕರಂಟ್ ಬೇಡ, ಕರಂಡೆ ನೆಡಿ

‘ಮನೆಯಂಗಳದಲ್ಲೇ ಬ್ಲ್ಯಾಕ್ ಕರಂಟ್ ಬೆಳೀಬಹುದು ಮೇಡಂ’ ಎಂದು ನರ್ಸರಿಯವರು ಹೇಳಿದ ತಕ್ಷಣ ಪರ್ಸ್ ತೆಗೀಬೇಡಿ. ಮಕ್ಕಳಿಗೆ ಆ ಐಸ್‌ಕ್ರೀಂ ಇಷ್ಟ ಅಂತ ನಾನೂ ಒಂದು ಗಿಡ ತಂದಿದ್ದೆ. ಎರಡು ವರ್ಷ ನೀರು, ಗೊಬ್ಬರ ಎಲ್ಲಾ ಕೊಟ್ಟೆ. ಬರೀ ಎಲೆ! ಮೂರನೇ ಬೇಸಿಗೆಗೆ ಅದೂ ಒಣಗಿಹೋಯ್ತು.

ತಪ್ಪು ಗಿಡದ್ದಲ್ಲ. ಇದು ಯುರೋಪ್, ಉತ್ತರ ಏಷ್ಯಾದ ಚಳಿನಾಡಿನ ಪೊದೆ. ಎಲೆ ಉದುರಿಸಿಕೊಂಡು, ವಾರಗಟ್ಟಲೆ 7 ಡಿಗ್ರಿಗಿಂತ ಕಡಿಮೆ ಚಳಿ ಉಂಡರಷ್ಟೇ ಚೆನ್ನಾಗಿ ಹೂ, ಕಾಯಿ ಬಿಡುತ್ತದೆ. ಬೆಂಗಳೂರಿನಲ್ಲಿ ಜನವರಿಯ ರಾತ್ರಿ 15 ಡಿಗ್ರಿಗೆ ಇಳಿದರೇ ನಾವು ಸ್ವೆಟರ್ ಹುಡುಕ್ತೀವಿ! ಮಗಳು ಇಂಗ್ಲೆಂಡಿನಲ್ಲಿದ್ದರೆ ಅವಳ ಹಿತ್ತಲಲ್ಲಿ ಧಾರಾಳವಾಗಿ ಬೆಳೆಯಲಿ.

ನಮಗೆ ನಮ್ಮದೇ ಕರಂಡೆ ಇದೆಯಲ್ಲ? ಕೆಲವರು ಕವಳಿ ಅಂತೀರಿ. ಬಿಸಿಲು ಚೆನ್ನಾಗಿ ಬೀಳುವ ಕಡೆ ನೆಡಿ. ಬೇರೂರಿದ ಮೇಲೆ ಹೆಚ್ಚು ನೀರೂ ಕೇಳೋಲ್ಲ. ಬೀಜದ ಸಸಿಯಾದರೆ ಫಲಕ್ಕೆ ಮೂರ್ನಾಲ್ಕು ವರ್ಷ ಕಾಯಬೇಕು, ನಿಜ. ಮುಳ್ಳೂ ಇದೆ. ಆದ್ದರಿಂದ ಮಕ್ಕಳು ಓಡಾಡುವ ಜಾಗ ಬಿಟ್ಟು ಕಾಂಪೌಂಡ್ ಬದಿಗೆ ಹಾಕಿ, ಬೇಲಿಯೂ ಆಯ್ತು. ಎಳೇ ಕಾಯಿ ಉಪ್ಪಿನಕಾಯಿಗೆ, ಕಪ್ಪಾದ ಹಣ್ಣು ಜಾಮ್‌ಗೆ. ಬೇಕರಿ ಕೇಕ್ ಮೇಲಿನ ಕೆಂಪು ‘ಚೆರ್ರಿ’ ಎಷ್ಟೋ ಸಲ ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿದ ಇದೇ ಕಾಯಿ, ಗೊತ್ತೇ?

ದೂರದ ಗಿಡ ತಂದು ಅದನ್ನೂ ಕೊರಗಿಸಿ, ನಾವೂ ಕೊರಗೋದು ಯಾಕೆ? ಮಳೆಗಾಲ ಶುರುವಾಗುತ್ತಲೇ ಒಂದು ಕರಂಡೆ ಸಸಿ ತನ್ನಿ. ಏನಂತೀರಿ?