ಕಾನೂನು ಮಾತ್ರ ಸಾಲದು: ಬಾಂಗ್ಲಾದೇಶ ಕಲಿಸುವ ಪಾಠ

1988 ಮತ್ತು 1998ರಲ್ಲಿ ಬಾಂಗ್ಲಾದೇಶದ ಸುಮಾರು ಮೂರನೇ ಎರಡು ಭಾಗ ನೆರೆಯಲ್ಲಿ ಮುಳುಗಿತು. ನೀರು ಬೇಗನೆ ಇಳಿಯದಿರಲು ಚರಂಡಿಗಳಲ್ಲಿ ತುಂಬಿಕೊಂಡಿದ್ದ ತೆಳು ಪಾಲಿಥಿನ್ ಚೀಲಗಳೂ ಕಾರಣವೆಂದು ಮನವರಿಕೆಯಾದಾಗ ಆ ದೇಶ ದಿಟ್ಟ ಹೆಜ್ಜೆಯಿಟ್ಟಿತು. 2002ರ ಜನವರಿಯಿಂದ ಢಾಕಾದಲ್ಲಿ, ಮಾರ್ಚ್‌ನಿಂದ ದೇಶಾದ್ಯಂತ ಇಂಥ ಚೀಲಗಳು ನಿಷೇಧಕ್ಕೊಳಗಾದವು. ಜಗತ್ತಿನಲ್ಲಿ ಈ ಕೆಲಸವನ್ನು ಮೊದಲು ಮಾಡಿದ್ದು ಪರಿಸರದ ಬಗ್ಗೆ ಉಪದೇಶಿಸುವ ಶ್ರೀಮಂತ ರಾಷ್ಟ್ರಗಳಲ್ಲ, ಒಂದು ಬಡ ರಾಷ್ಟ್ರ ಎಂಬುದನ್ನು ಮರೆಯಬಾರದು.

ಆದರೆ ಅದೇ ವರ್ಷ ಜೂನ್ 30ರಂದು ನಾರಾಯಣಗಂಜ್‌ನ ಆದಮ್‌ಜಿ ಸೆಣಬಿನ ಗಿರಣಿಗೆ ಬೀಗ ಬಿತ್ತು. ಒಂದು ಕಾಲದಲ್ಲಿ ಅದು ಜಗತ್ತಿನ ಅತಿ ದೊಡ್ಡ ಸೆಣಬಿನ ಗಿರಣಿ. 1990ರ ದಶಕದಲ್ಲಿ ಸೆಣಬು ಕ್ಷೇತ್ರದ ಪುನಾರಚನೆಗೆ ಸಾಲ ನೀಡಿದ ವಿಶ್ವಬ್ಯಾಂಕ್, ಗಿರಣಿಗಳ ಮುಚ್ಚುಗಡೆಯನ್ನೂ ಷರತ್ತುಗಳಲ್ಲಿ ಸೇರಿಸಿತ್ತು. ನಷ್ಟದ ಲೆಕ್ಕದಲ್ಲಿ ಸಾವಿರಾರು ಕಾರ್ಮಿಕರು ಬೀದಿಪಾಲಾದರು. ಪಾಲಿಥಿನ್ ಹೊರಗಟ್ಟಿದ ವರ್ಷವೇ, ಅದಕ್ಕೆ ಪರ್ಯಾಯ ಒದಗಿಸಬಹುದಾಗಿದ್ದ ಉದ್ಯಮದ ಬೆನ್ನೆಲುಬು ಮುರಿಯಿತು. ಚರಂಡಿಯ ಹೂಳು, ನೆರೆಯ ಹಾನಿ ಯಾವ ಲೆಕ್ಕಪುಸ್ತಕಕ್ಕೂ ಸೇರಲಿಲ್ಲ.

ಪರಿಣಾಮ ಊಹಿಸಬಹುದಾದುದೇ. ಅಗ್ಗದ ಚೀಲ ಮಾರುಕಟ್ಟೆಗೆ ಮರಳಿತು. ವಿಜ್ಞಾನಿ ಮುಬಾರಕ್ ಅಹ್ಮದ್ ಖಾನ್ ಸೆಣಬಿನಿಂದಲೇ ಪಾಲಿಥಿನ್ ಹೋಲುವ, ಮಣ್ಣಿನಲ್ಲಿ ಕರಗುವ 'ಸೋನಾಲಿ' ಚೀಲವನ್ನು ರೂಪಿಸಿದರೂ ಅದು ಜನಸಾಮಾನ್ಯರ ಕೈ ಸೇರಲಿಲ್ಲ. 2024ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಸರಕಾರ ಹಳೆಯ ನಿಷೇಧವನ್ನೇ ಮತ್ತೊಮ್ಮೆ ಜಾರಿಗೊಳಿಸಲು ಹೊರಡಬೇಕಾಯಿತು.

ನಾವು ನೆರೆಯವರನ್ನು ನೋಡಿ ನಗುವಂತಿಲ್ಲ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಚೀಲ, ತಟ್ಟೆಗಳಿಗೆ ನಿಷೇಧವಿದೆ. 2022ರ ಜುಲೈ 1ರಿಂದ ದೇಶಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳೂ ನಿಷಿದ್ಧ. ಆದರೆ ನಮ್ಮ ಮದುವೆ ಮಂಟಪಗಳ ಹಿಂಬದಿಯನ್ನೊಮ್ಮೆ ಇಣುಕಿ ನೋಡಿ. ಅರ್ಧ ತಿಂದ ಬಿರಿಯಾನಿಯ ಜೊತೆ ತಟ್ಟೆ, ಲೋಟ, ನೀರಿನ ಬಾಟಲಿಗಳ ರಾಶಿ. ರಮಝಾನ್‌ನ ಇಫ್ತಾರ್ ಮುಗಿದ ಬಳಿಕ ಮಸೀದಿಯ ಅಂಗಳದ ಸ್ಥಿತಿಯೂ ಭಿನ್ನವಲ್ಲ. ಸಂಯಮದ ತಿಂಗಳಲ್ಲೇ ಕಸದ ಬುಟ್ಟಿ ತುಂಬಿ ತುಳುಕುವುದು ಎಂಥ ವಿಪರ್ಯಾಸ!

ದುಂದುಗಾರರನ್ನು ಪವಿತ್ರ ಕುರ್‌ಆನ್ ಶೈತಾನನ ಸಹೋದರರ ಸಾಲಿಗೆ ಸೇರಿಸಿದೆ. ಪ್ರವಾದಿ(ಸ)ಯವರು ಒಂದು ಮುದ್ದ್, ಅಂದರೆ ಹೆಚ್ಚೆಂದರೆ ಸುಮಾರು ಒಂದು ಲೀಟರ್ ನೀರಿನಲ್ಲಿ ವುಝೂ ಪೂರೈಸುತ್ತಿದ್ದರು. ಅವರ ಅನುಯಾಯಿಗಳಾದ ನಾವು ನಳ್ಳಿ ತೆರೆದಿಟ್ಟು ಮಾತಿಗೆ ನಿಲ್ಲುತ್ತೇವೆ. ಶುಚಿತ್ವವು ಈಮಾನಿನ ಭಾಗವೆಂದು ಗೋಡೆಯಲ್ಲಿ ಬರೆದರೆ ಸಾಲದು. ನಮ್ಮ ಕಸ ಬಡವರ ಕೇರಿಯ ಚರಂಡಿಯನ್ನು ಕಟ್ಟದಂತೆ ನೋಡಿಕೊಳ್ಳುವುದೂ ಆ ಶುಚಿತ್ವವೇ.

ಪರ್ಯಾಯ ಒದಗಿಸುವುದು ಸರಕಾರದ ಹೊಣೆ. ಅದನ್ನು ಕೇಳುವ ನೈತಿಕ ಹಕ್ಕು ಬರುವುದು ನಮ್ಮ ಬದುಕಿನಿಂದ. ಪ್ರತಿ ಜಮಾಅತ್ ತೊಳೆದು ಬಳಸುವ ಕೆಲವು ನೂರು ಸ್ಟೀಲ್ ತಟ್ಟೆ, ಲೋಟಗಳನ್ನು ಖರೀದಿಸಿ ಮದುವೆ, ಇಫ್ತಾರ್‌ಗಳಿಗೆ ನೀಡಲಿ. ಖತೀಬರು ಒಂದು ಜುಮಾವನ್ನು ಈ ವಿಷಯಕ್ಕೆ ಮೀಸಲಿಡಲಿ. ಭೂಮಿಯು ನಮಗೆ ಒಪ್ಪಿಸಲಾದ ಅಮಾನತ್. ಅದರ ಲೆಕ್ಕ ಕೇಳುವವನ ಮುಂದೆ ಯಾವ ನೆಪವೂ ನಡೆಯದು.