ಮೊದಲ ಧ್ವನಿಮುದ್ರಿಕೆಯ ಆಯ್ಕೆ

ಸಂಗೀತವನ್ನು ಕೇಳಿ ಆನಂದಿಸಲು ಸಂಗೀತಶಾಸ್ತ್ರದ ಪಾಂಡಿತ್ಯ ಬೇಕಿಲ್ಲ. ಆದರೆ ಆ ಸಂಗೀತವು ಕಿವಿಯನ್ನು ಯಥಾವತ್ತಾಗಿ ಮುಟ್ಟಬೇಕಾದುದು ಅವಶ್ಯಕ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಚೇರಿಗಳು ನಮ್ಮ ನಾಡಿನಲ್ಲಿ ವಿರಳ. ಆದುದರಿಂದ ಬಾಖ್, ಬೇಥೋವನ್ ಮೊದಲಾದವರ ಪರಿಚಯವು ನಮ್ಮ ವಿದ್ಯಾರ್ಥಿಗಳಿಗೆ ಬಹುಮಟ್ಟಿಗೆ ಧ್ವನಿಮುದ್ರಿಕೆಗಳ ಮೂಲಕವೇ ಆಗಬೇಕಾಗಿದೆ. ಹೀಗಿರುವಲ್ಲಿ ಮೊದಲು ಕೈಗೆ ಬಂದ ಮುದ್ರಿಕೆಯೇ ಮಸುಕಾಗಿದ್ದರೆ ಗತಿಯೇನು? ನಾಲ್ಕು ನಿಮಿಷ ಕೇಳಿದ ವಿದ್ಯಾರ್ಥಿಯು ಇದು ತನಗೆ ಒಗ್ಗುವ ಸಂಗೀತವಲ್ಲವೆಂದು ತೀರ್ಮಾನಿಸಿ ಎದ್ದುಬಿಡುವುದುಂಟು. ಬಹುಶಃ ಮತ್ತೆಂದೂ ಆ ಕಡೆ ತಿರುಗದಿರುವುದೂ ಉಂಟು. ತಪ್ಪು ಮುದ್ರಣದ್ದು, ಶಿಕ್ಷೆ ಸಂಗೀತಕ್ಕೆ! ಮೊದಲ ನಾಲ್ಕಾರು ಮುದ್ರಿಕೆಗಳ ಆಯ್ಕೆಯನ್ನು ಕೇವಲ ಅಭಿರುಚಿಗೆ ಬಿಟ್ಟರೆ ಸಾಲದು. ಅಲ್ಲಿ ಭೌತವಿಜ್ಞಾನವೂ ಸಲಹೆ ಕೊಡಬಲ್ಲದು.

ಜಾಹೀರಾತುಗಳು ಮುಂದಿಡುವುದು ಅಂಕಿಗಳನ್ನು: 24 ಬಿಟ್, 192 ಕಿಲೊಹರ್ಟ್ಸ್ ಇತ್ಯಾದಿ. ಅಂಕಿ ದೊಡ್ಡದಾದಷ್ಟೂ ಬೆಲೆಯೂ ದೊಡ್ಡದು. ಆದರೆ ಈ ಅಂಕಿಗಳು ಹೇಳುವುದು ಪಾತ್ರೆಯ ಅಳತೆಯನ್ನೇ ಹೊರತು ಪಾತ್ರೆಯಲ್ಲಿರುವ ಹಾಲಿನ ಗುಣವನ್ನಲ್ಲ. ಹೊಸದಾಗಿ ಕೇಳತೊಡಗಿದವರು ಅಂಕಿಗಳನ್ನು ಬದಿಗಿಟ್ಟು, ಮುದ್ರಣವು ಯಾವಾಗ ಆಯಿತು, ಎಲ್ಲಿ ಆಯಿತು, ಮೈಕ್ರೊಫೋನುಗಳನ್ನು ಹೇಗೆ ಇರಿಸಿದ್ದರು ಎಂದು ವಿಚಾರಿಸಬೇಕೆಂಬುದೇ ನನ್ನ ಅಭಿಪ್ರಾಯ.

ಮೊದಲು ಪಾತ್ರೆಯನ್ನೇ ಪರೀಕ್ಷಿಸೋಣ. ತರುಣರ ಆರೋಗ್ಯವಾದ ಕಿವಿಯು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಶಬ್ದಗಳನ್ನು ಗ್ರಹಿಸಬಲ್ಲದು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯಲ್ಲಿ ಶಬ್ದದ ಅಲೆಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ ಬರೆದಿಡುತ್ತಾರೆ. ಒಂದು ಕಂಪನವನ್ನು ಮರಳಿ ಪಡೆಯಲು ಅದರ ಆವೃತ್ತಿಯ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆದರೆ ಸಾಕೆಂದು ಗಣಿತವು ತೋರಿಸಿಕೊಟ್ಟಿದೆ. ಅಂದಮೇಲೆ 44,100 ಅಳತೆಗಳು ಮನುಷ್ಯನ ಕಿವಿಗೆ ಸಾಕು. 16 ಬಿಟ್‌ಗಳಲ್ಲಿ ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವೆ ಸುಮಾರು 96 ಡೆಸಿಬೆಲ್‌ಗಳ ಅಂತರವನ್ನು ಹಿಡಿದಿಡಬಹುದು. ಇದು ಮನೆಯಲ್ಲಿ ಕೇಳುವುದಕ್ಕೆ ಧಾರಾಳವಾಗಿ ಸಾಲುತ್ತದೆ.

ಇದನ್ನು ಪ್ರಯೋಗದಿಂದಲೂ ಪರೀಕ್ಷಿಸಿದ್ದಾರೆ. ಅಮೆರಿಕದ ಮೇಯರ್ ಮತ್ತು ಮೊರಾನ್ ಎಂಬಿಬ್ಬರು 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದೊಡ್ಡ ಅಂಕಿಗಳ ಮುದ್ರಣವನ್ನೂ ಅದನ್ನೇ ಸಿ.ಡಿ.ಯ ಮಟ್ಟಕ್ಕೆ ಇಳಿಸಿದ ರೂಪವನ್ನೂ ಶ್ರೋತೃಗಳಿಗೆ ಯಾವುದು ಯಾವುದೆಂದು ತಿಳಿಸದೆ ಕೇಳಿಸಿದ ವಿವರವಿದೆ. ಸರಿಯುತ್ತರಗಳು ಬಂದದ್ದು ಸುಮಾರು ಅರ್ಧದಷ್ಟು. ನಾಣ್ಯವನ್ನು ಚಿಮ್ಮಿ ಉತ್ತರ ಹೇಳಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ, ಪಳಗಿದ ಕಿವಿಗಳಿಗೆ ಅತ್ಯಲ್ಪ ವ್ಯತ್ಯಾಸ ತಿಳಿಯಬಹುದೆಂದು ಕಂಡಿತು. ಹೊಸದಾಗಿ ಕೇಳುವವರು ಅದಕ್ಕಾಗಿ ಹೆಚ್ಚಿನ ಹಣ ತೆರಬೇಕಾದುದಿಲ್ಲ.

ಹಾಗಾದರೆ ಹಾಲಿನ ಗುಣವು ಎಲ್ಲಿಂದ ಬರುತ್ತದೆ? ಮೊದಲನೆಯದಾಗಿ, ಮುದ್ರಣದ ಕಾಲದಿಂದ. 1925ಕ್ಕೆ ಮೊದಲು ವಾದಕರು ದೊಡ್ಡ ಕಹಳೆಯೊಂದರ ಮುಂದೆ ಗುಂಪುಗೂಡಿ ನುಡಿಸುತ್ತಿದ್ದರು. ಶಬ್ದದ ಬಲವೇ ಮೊಳೆಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕಾಗಿತ್ತು. ವಾದ್ಯಗಳಿಗೆ ಅವುಗಳ ವೈಶಿಷ್ಟ್ಯವನ್ನು ತಂದುಕೊಡುವ ಸೂಕ್ಷ್ಮವಾದ ಮೇಲಿನ ಕಂಪನಗಳು ಅದರಲ್ಲಿ ಬಹುಮಟ್ಟಿಗೆ ನಷ್ಟವಾಗುತ್ತಿದ್ದುವು. 1925ರಲ್ಲಿ ಮೈಕ್ರೊಫೋನಿನ ಪ್ರವೇಶವಾಯಿತು. ಎರಡನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳ ಸದ್ದುಗಳನ್ನು ಗುರುತಿಸುವ ತರಬೇತಿಗಾಗಿ ಇಂಗ್ಲೆಂಡಿನ ಡೆಕ್ಕಾ ಕಂಪೆನಿಯು ನಡೆಸಿದ ಕೆಲಸದಿಂದ ಹೆಚ್ಚು ವಿಶಾಲವಾದ ಶ್ರವಣವ್ಯಾಪ್ತಿಯುಳ್ಳ ಮುದ್ರಣ ಬಂದಿತು. 1948ರಲ್ಲಿ ದೀರ್ಘಕಾಲ ನುಡಿಯುವ ತಟ್ಟೆಯೂ, 1950ರ ದಶಕದ ಮಧ್ಯದಲ್ಲಿ ಎರಡು ಕಿವಿಗಳಿಗೆ ಎರಡು ವಾಹಿನಿಗಳ ಸ್ಟೀರಿಯೊ ಮುದ್ರಣವೂ ರೂಢಿಗೆ ಬಂದುವು. ಷಿಕಾಗೊ ವಾದ್ಯವೃಂದವು ಫ್ರಿಟ್ಸ್ ರೈನರ್ ಅವರ ನಿರ್ದೇಶನದಲ್ಲಿ 1954ರಲ್ಲಿ ನುಡಿಸಿದ ರಿಚರ್ಡ್ ಸ್ಟ್ರೌಸರ 'ಆಲ್ಸೋ ಷ್ಪ್ರಾಖ್ ಜರತುಷ್ಟ್ರ' ಕೃತಿಯ ಸ್ಟೀರಿಯೊ ಮುದ್ರಣವು ಇಂದಿಗೂ ಬೆರಗುಗೊಳಿಸುತ್ತದೆ. ಎಂದರೆ ಒಳ್ಳೆಯ ಮುದ್ರಣವು ಹೊಸದೇ ಆಗಿರಬೇಕಾಗಿಲ್ಲ.

ಎರಡನೆಯದು, ಸ್ಥಳ. ವಾದ್ಯದ ಧ್ವನಿಯು ನೇರವಾಗಿ ಮಾತ್ರವಲ್ಲದೆ ಗೋಡೆ, ಚಾವಣಿಗಳಿಂದ ಪ್ರತಿಫಲಿಸಿಯೂ ನಮ್ಮನ್ನು ಸೇರುತ್ತದೆ. ವಾದನವು ನಿಂತಮೇಲೂ ಶಬ್ದವು ಸ್ವಲ್ಪ ಹೊತ್ತು ಉಳಿಯುವುದನ್ನು ಅನುರಣನವೆನ್ನುತ್ತಾರೆ. ವ್ಯಾಲೇಸ್ ಸ್ಯಾಬೈನ್ ಎಂಬ ಭೌತವಿಜ್ಞಾನಿಯು ಇದನ್ನು ಲೆಕ್ಕಕ್ಕೆ ತಂದು ನೀಡಿದ ಸಲಹೆಯಂತೆ 1900ರಲ್ಲಿ ಬಾಸ್ಟನ್ನಿನ ಸಂಗೀತಭವನ ನಿರ್ಮಾಣವಾಯಿತು. ಅಲ್ಲಿಯ ಅನುರಣನಕಾಲ ಸುಮಾರು 2 ಸೆಕೆಂಡು. ಮೈಕ್ರೊಫೋನು ವಾದ್ಯಕ್ಕೆ ತೀರ ಹತ್ತಿರವಿದ್ದರೆ ಭವನವೇ ಮಾಯವಾಗಿ ಧ್ವನಿ ಒಣಗಿದಂತಾಗುತ್ತದೆ. ತೀರ ದೂರವಿದ್ದರೆ ಸ್ವರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಇವೆರಡರ ನಡುವಣ ಸರಿಯಾದ ಸ್ಥಾನವನ್ನು ಕಂಡುಹಿಡಿಯುವುದೇ ಮುದ್ರಣಕಾರನ ಕುಶಲತೆ. ಅವನು ಹಿಡಿಯದೆ ಬಿಟ್ಟುದನ್ನು ಎಷ್ಟು ಬೆಲೆಬಾಳುವ ಯಂತ್ರವೂ ತಂದುಕೊಡಲಾರದು. ಬಾವಿಯಲ್ಲಿಲ್ಲದ ನೀರು ಕೊಡಕ್ಕೆ ಬಂದೀತೆ?

ಮೂರನೆಯದು, ಮೆಲುದನಿ ಮತ್ತು ಗಟ್ಟಿದನಿಗಳ ಅಂತರ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಪಿಸುಮಾತಿನಷ್ಟು ಮೆಲ್ಲಗಿನ ಭಾಗಗಳೂ ಗುಡುಗಿನಂಥ ಭಾಗಗಳೂ ಒಂದೇ ಕೃತಿಯಲ್ಲಿ ಬರುತ್ತವೆ. ಈ ಅಂತರವನ್ನು ಕುಗ್ಗಿಸಿ ಎಲ್ಲವನ್ನೂ ಗಟ್ಟಿಯಾಗಿಸಿದ ಮುದ್ರಣವು ಮೊದಲ ಕ್ಷಣಕ್ಕೆ ಆಕರ್ಷಕವಾಗಿ ತೋರಿದರೂ ಬೇಗನೆ ದಣಿವು ತರುತ್ತದೆ. ಎರಡು ಮುದ್ರಣಗಳಲ್ಲಿ ತುಸು ಗಟ್ಟಿಯಾಗಿರುವುದೇ ಉತ್ತಮವೆಂದು ಕಿವಿ ಭ್ರಮಿಸುವುದರಿಂದ, ಹೋಲಿಸುವಾಗ ಎರಡನ್ನೂ ಸಮಾನವಾದ ಗಟ್ಟಿತನಕ್ಕೆ ತಂದುಕೊಳ್ಳಬೇಕು. ಬಸ್ಸಿನ ಗದ್ದಲದಲ್ಲಿ ಮೆಲುಭಾಗಗಳು ಕೇಳಿಸದೆ ಹೋದರೆ ಅದು ಮುದ್ರಿಕೆಯ ದೋಷವಲ್ಲವೆಂಬುದನ್ನೂ ನೆನಪಿಡಬೇಕು.

ಈ ದೃಷ್ಟಿಯಿಂದ ಮೊದಲಿಗೆ ಒಂದೇ ವಾದ್ಯದ ಮುದ್ರಿಕೆಗಳನ್ನು ಆರಿಸುವುದು ಲೇಸು. ನೂರು ಮಂದಿಯ ವಾದ್ಯವೃಂದದಲ್ಲಿ ಹೊಸಬರ ಕಿವಿ ದಾರಿ ತಪ್ಪಬಹುದು. ಒಂಟಿ ವಾದ್ಯವನ್ನು ಸುಲಭವಾಗಿ ಹಿಂಬಾಲಿಸಬಹುದು. ಕೆನಡದ ಗ್ಲೆನ್ ಗೂಲ್ಡ್ ಅವರು ಬಾಖ್‌ನ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ಎಂಬ ಕೃತಿಯನ್ನು ನ್ಯೂಯಾರ್ಕಿನ ಒಂದೇ ಸ್ಟುಡಿಯೊದಲ್ಲಿ ಎರಡು ಬಾರಿ ಪಿಯಾನೊದ ಮೇಲೆ ನುಡಿಸಿದ್ದಾರೆ: 1955ರಲ್ಲಿ ಒಂದೇ ವಾಹಿನಿಯಲ್ಲಿ, 1981ರಲ್ಲಿ ಸಂಖ್ಯಾರೂಪದ ಸ್ಟೀರಿಯೊದಲ್ಲಿ. ಮೊದಲನೆಯದು ಸುಮಾರು 38 ನಿಮಿಷ, ಎರಡನೆಯದು ಸುಮಾರು 51 ನಿಮಿಷ. ಮೊದಲ ಭಾಗವನ್ನು ಎರಡರಲ್ಲಿಯೂ ಕೇಳಿರಿ. 1955ರದರಲ್ಲಿ ಪಿಯಾನೊ ಒಂದು ಬಿಂದುವಿನಿಂದ ನುಡಿದಂತೆಯೂ, 1981ರದರಲ್ಲಿ ಅಗಲವಾಗಿ ಹರಡಿದಂತೆಯೂ ತೋರುತ್ತದೆ. ಬಾಖ್‌ನ ಚೆಲ್ಲೊ ಕೃತಿಗಳಿಗೆ ಯಾನೋಷ್ ಷ್ಟಾರ್ಕರ್ ಅವರು 1960ರ ದಶಕದಲ್ಲಿ ಮರ್ಕ್ಯುರಿ ಕಂಪೆನಿಗಾಗಿ ನುಡಿಸಿದ ಮುದ್ರಣವಿದೆ. ತಂತಿಯ ಮೇಲೆ ಕಮಾನು ಹತ್ತುವ ಸದ್ದೂ ಅದರಲ್ಲಿ ಸ್ಪಷ್ಟ. ಇವು ಒಗ್ಗಿದ ಮೇಲೆ, ಕಾರ್ಲೋಸ್ ಕ್ಲೈಬರ್ ಅವರು 1974ರಲ್ಲಿ ವಿಯೆನ್ನಾದ ವಾದ್ಯವೃಂದದಿಂದ ನುಡಿಸಿದ ಬೇಥೋವನ್ನನ ಐದನೆಯ ಸಿಂಫನಿಗೆ ಹೋಗಬಹುದು.

ಹಾಗಾದರೆ ಹಳೆಯ ಮುದ್ರಣಗಳನ್ನು ಎಸೆದುಬಿಡಬೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಖಂಡಿತ ಇಲ್ಲ. ಪಾಬ್ಲೊ ಕಸಾಲ್ಸ್ ಅವರು 1936ರಿಂದ 1939ರ ವರೆಗೆ ನುಡಿಸಿದ ಅದೇ ಚೆಲ್ಲೊ ಕೃತಿಗಳ ಮುದ್ರಣವು ಶಬ್ದದಲ್ಲಿ ಬಡವಾದರೂ ವಾದನದಲ್ಲಿ ಶ್ರೀಮಂತವಾದುದು. ಕನ್ನಡ ನಾಡಿಗೆ ಸಂಬಂಧಿಸಿದ ಉದಾಹರಣೆಯೂ ಒಂದುಂಟು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರು ತಮ್ಮ ಕೃತಿಗಳನ್ನು ತಾವೇ ನುಡಿಸಿ ಮುದ್ರಿಸಲು ಮೈಸೂರಿನ ಮಹಾರಾಜ ಶ್ರೀ ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ ಧನಸಹಾಯ ನೀಡಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು, 1951ರಲ್ಲಿ ತೀರಿಕೊಂಡರು. ಆ ತಟ್ಟೆಗಳಿಲ್ಲದಿದ್ದರೆ ರಚನಕಾರನೇ ನುಡಿಸಿದ ಆ ಕೃತಿಗಳು ನಮಗೆ ದೊರೆಯುತ್ತಲೇ ಇರಲಿಲ್ಲ. ಆದರೂ ಇವು ಮೊದಲ ಪಾಠಕ್ಕೆ ತಕ್ಕವಲ್ಲ. ಚೆಲ್ಲೊ ನಿಜವಾಗಿ ಹೇಗೆ ನುಡಿಯುತ್ತದೆಂದು ಒಳ್ಳೆಯ ಮುದ್ರಣದಿಂದ ಅರಿತವರ ಮನಸ್ಸು, ಹಳೆಯ ತಟ್ಟೆಯಲ್ಲಿ ಇಲ್ಲದುದನ್ನು ತಾನೇ ತುಂಬಿಕೊಳ್ಳಬಲ್ಲದು. ಅರಿಯದವರಿಗೆ ಅಲ್ಲಿ ಕೇಳಿಸುವುದು ಕರಕರ ಸದ್ದು ಮಾತ್ರ.

ಇಂದು ಈ ಮುದ್ರಿಕೆಗಳಲ್ಲಿ ಹೆಚ್ಚಿನವು ಅಂತರಜಾಲದ ಸಂಗೀತಸೇವೆಗಳಲ್ಲಿ ದೊರೆಯುತ್ತವೆ. ಅಲ್ಲಿ ನಮೂದಿಸಿದ ವರ್ಷವು ಅನೇಕ ವೇಳೆ ಮರುಪ್ರಕಟಣೆಯದಾಗಿರುತ್ತದೆ. ಮುದ್ರಣವಾದ ವರ್ಷವನ್ನು ಬೇರೆಯಾಗಿ ತಿಳಿದುಕೊಳ್ಳಬೇಕು. ಫೋನಿನೊಳಗಿನ ಪುಟ್ಟ ಧ್ವನಿವರ್ಧಕವು ಮಂದ್ರಸ್ವರಗಳನ್ನು ನುಡಿಯಲಾರದು. ಸಾಧಾರಣ ಬೆಲೆಯದಾದರೂ ಕಿವಿಗೆ ಸರಿಯಾಗಿ ಕೂರುವ ಹೆಡ್‌ಫೋನು ಅದಕ್ಕಿಂತ ಎಷ್ಟೋ ಮೇಲು. ಧ್ವನಿಯನ್ನು ಮಿತವಾಗಿಟ್ಟುಕೊಳ್ಳಿರಿ; ಅತಿಯಾದ ಸದ್ದಿನಿಂದ ಕೆಟ್ಟ ಕಿವಿ ಮತ್ತೆ ಮೊದಲಿನಂತಾಗುವುದಿಲ್ಲ. ಇನ್ನು ಬೇಕಾದುದು ನಿಶ್ಶಬ್ದವಾದ ಕೋಣೆ, ಬಿಡುವಾದ ಒಂದು ಗಂಟೆ. ಇಷ್ಟನ್ನು ಒದಗಿಸಿಕೊಂಡು ಕೇಳಿದ ಮೇಲೂ ಈ ಸಂಗೀತವು ಹಿಡಿಸದಿದ್ದರೆ ಅದು ಅವರವರ ಅಭಿರುಚಿ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ಆ ತೀರ್ಪು ಸಂಗೀತವನ್ನು ಕೇಳಿ ಕೊಟ್ಟದ್ದಾಗಿರಲಿ.