ಡಬ್ಬಿಯ ಮೇಲಿನ ಅಕ್ಷರ

ಯಾದಗಿರಿ, ಶಹಾಪುರ, ಸುರಪುರಗಳ ಅಂಗಡಿಗಳಲ್ಲಿ ಇಂದು ಕ್ರೀಮು, ಶಾಂಪೂಗಳು ಹೇರಳವಾಗಿ ದೊರೆಯುತ್ತವೆ. ಒಣ ಕುಂಕುಮ ಸುಲಭವಾಗಿ ಕೆಡದು. ನೀರಿನಂಶವುಳ್ಳ ಪ್ರಸಾಧನಗಳಲ್ಲಾದರೋ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಆದ್ದರಿಂದ ಅವುಗಳಿಗೆ ಸಂರಕ್ಷಕಗಳನ್ನು ಬೆರೆಸುತ್ತಾರೆ. ಆದರೆ ಎಲ್ಲ ಸಂರಕ್ಷಕಗಳೂ ಎಲ್ಲರ ಚರ್ಮಕ್ಕೂ ಒಗ್ಗುವುದಿಲ್ಲ. ಮೀಥೈಲ್‌ಐಸೋಥಯಾಜೋಲಿನೋನ್ ಎಂಬ ಸಂರಕ್ಷಕವು ಕೆಲವರಲ್ಲಿ ತುರಿಕೆಯನ್ನೂ ಗುಳ್ಳೆಗಳನ್ನೂ ಉಂಟುಮಾಡುತ್ತದೆ. ಒಮ್ಮೆ ಒಗ್ಗದಾದ ವಸ್ತುವನ್ನು ಚರ್ಮವು ವರ್ಷಗಳ ಅನಂತರವೂ ಮರೆಯದು. ಹಚ್ಚಿ ತೊಳೆಯದೆ ಬಿಡುವ ಪ್ರಸಾಧನಗಳಲ್ಲಿ ಇದರ ಬಳಕೆಯನ್ನು ಐರೋಪ್ಯ ಒಕ್ಕೂಟವು 2017ರಲ್ಲಿ ನಿಷೇಧಿಸಿತು.

ಚರ್ಮವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ, ಎರಡು ದಿನಗಳ ತರುವಾಯ ಬಿಚ್ಚಿ ನೋಡಿ ಕಾರಣವನ್ನು ಗುರುತಿಸಬಲ್ಲರು. ಗುರುತಿಸಿದರೂ ಫಲವೇನು? ಡಬ್ಬಿಯ ಮೇಲಿನ ಹೆಸರು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿದ್ದರೆ, ಕನ್ನಡವನ್ನಷ್ಟೇ ಬಲ್ಲವರು ಅದನ್ನು ವರ್ಜಿಸುವುದೆಂತು? ಜಾಹೀರಾತನ್ನು ಕನ್ನಡದಲ್ಲಿ ನೀಡಬಲ್ಲವರು ಎಚ್ಚರಿಕೆಯನ್ನೂ ಕನ್ನಡದಲ್ಲಿ ನೀಡಲೇಬೇಕು.